ಹತ್ತಕ್ಕೆ ಬಿಟ್ಟ ಹಗ್ಗ

ನಮ್ಮ ಚರ್ಚಿನ ಹೆಂಗಸರು ಹಗ್ಗಜಗ್ಗಾಟದ ಅಭ್ಯಾಸ ಮಾಡುವುದನ್ನು ಹೊಸಬರು ಯಾರಾದರೂ ನೋಡಿದರೆ, ಹುಣಸೆಮರವನ್ನು ಬುಡಸಮೇತ ಕಿತ್ತು ಮನೆಗೆ ಸಾಗಿಸಲು ಹೊರಟಿದ್ದಾರೆ ಎಂದುಕೊಳ್ಳಬೇಕು. ಹಗ್ಗದ ಒಂದು ತುದಿಯನ್ನು ಚರ್ಚಿನ ಹಿಂದಿನ ಮರಕ್ಕೆ ಕಟ್ಟಿರುತ್ತೇವೆ. ಇನ್ನೊಂದು ಕಡೆ ಎಂಟು ಜನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಊರಿ, ಆಕಾಶ ನೋಡುವ ಹಾಗೆ ಹಿಂದಕ್ಕೆ ವಾಲಿ ನಿಂತಿರುತ್ತೇವೆ. ಎಲ್ಲರ ಬಾಯಲ್ಲೂ ಜಪ. ಮರ ಅಲ್ಲಾಡುವುದಿಲ್ಲ, ನಾವೂ ಅಲ್ಲಾಡುವುದಿಲ್ಲ.

ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ನಡೆದರೆ ನಮ್ಮೂರು. ಕ್ರೈಸ್ತರ ಮನೆಗಳು ಕಡಿಮೆ. ಇದ್ದವರಲ್ಲೇ ಒಂದು ತಂಡ ಕಟ್ಟಿದ್ದೇವೆ. ಕ್ರಿಸ್ಮಸ್ ಕಳೆದ ಮೇಲೆ ಮದ್ದೂರಿನ ಒಂದು ಶಾಲೆಯ ಮೈದಾನದಲ್ಲಿ ಸುತ್ತಲಿನ ಚರ್ಚುಗಳ ಆಟೋಟ ನಡೆಯುತ್ತದೆ. ಮಕ್ಕಳಿಗೆ ಓಟ, ಗಂಡಸರಿಗೆ ವಾಲಿಬಾಲ್, ಕೊನೆಗೆ ಹಗ್ಗಜಗ್ಗಾಟ. ಜನ ಊಟ ಮುಗಿಸಿಯೂ ಮನೆಗೆ ಹೋಗದೆ ಕಾಯುವುದು ಹೆಂಗಸರ ಹಗ್ಗಕ್ಕೆ.

ಅಭ್ಯಾಸಕ್ಕೆ ನಮ್ಮಲ್ಲಿ ಗಡಿಯಾರವಿಲ್ಲ. ಜಪಸರದ ಹತ್ತು ಮಣಿಗೆ, ಮಾತೆ ಮರಿಯಾಳ ‘ನಮೋ ಮರಿಯಾ’ ಪ್ರಾರ್ಥನೆಯನ್ನು ಹತ್ತು ಸಲ ಹೇಳಬೇಕು. ಅಷ್ಟು ಹೊತ್ತೂ ಹಗ್ಗ ಸಡಿಲಬಾರದು. ಹತ್ತನೆಯದು ಮುಗಿದ ಕೂಡಲೇ ಕೈ ಬಿಟ್ಟು ನೀರು ಕುಡಿಯಬಹುದು. ಇದನ್ನು ಶುರುಮಾಡಿದವಳು ನಮ್ಮ ಚಿಕ್ಕಮ್ಮ. ವಯಸ್ಸು ಅರವತ್ತು ದಾಟಿದ್ದರೂ ಹಗ್ಗದ ಮೊದಲ ಜಾಗ ಅವಳದೇ, ಜಪ ಹೇಳಿಕೊಡುವವಳೂ ಅವಳೇ. ಅವಳ ಸೊಸೆ ಬೆಳಿಗ್ಗೆ ಏನಾದರೂ ಎದುರು ಮಾತಾಡಿದ್ದರೆ ಆ ಸಂಜೆ ನಮ್ಮ ತೋಳುಗಳ ಗತಿ ಮುಗಿಯಿತು. ಒಂದೊಂದು ಪದವನ್ನೂ ರಾಗಿ ಬೀಸುವ ಹಾಗೆ ನಿಧಾನಕ್ಕೆ ಬೀಸುತ್ತಿದ್ದಳು.

“ಚಿಕ್ಕವ್ವ, ವಸಿ ಬೇಗ ಯೋಳು. ತೋಳು ಕಿತ್ಕಂಡ್ ಬತ್ತದೆ” ಎಂದು ಒಂದು ದಿನ ನಾನು ಹಿಂದಿನಿಂದ ಕೂಗಿದೆ.

“ಮಾತೆ ಏನು ಬಸ್ ಇಡಿಯಾಕ್ ಓಗ್ತಾವ್ಳಾ? ಸುಮ್ಕೆ ಇಡ್ಕಳಮ್ಮಿ” ಎಂದು, ಮತ್ತೆ ಮೊದಲ ಮಣಿಯಿಂದ ಶುರುಮಾಡಿದಳು.

ಸಾಲಿನ ಕೊನೆಯ ಜಾಗ ನನ್ನದಾಗಿತ್ತು. ಊರಿನ ಹೆಂಗಸರಲ್ಲಿ ತೂಕ ಜಾಸ್ತಿ ಇರುವುದು ನನಗೇ. ಕಬ್ಬಿನ ಹೊರೆ ಹೊತ್ತು ಬೆಳೆದ ಮೈ. ಓದಿದ್ದು ಆರನೇ ತರಗತಿ. ಅಲ್ಲಿಗೆ ಪುಸ್ತಕ ನನ್ನನ್ನು ಬಿಟ್ಟಿತೋ ನಾನು ಅದನ್ನು ಬಿಟ್ಟೆನೋ, ಇಬ್ಬರಿಗೂ ಬೇಜಾರಾಗಲಿಲ್ಲ. ನನ್ನ ಮುಂದಿನ ಜಾಗ ತಂಗಿಯದು. ಅವಳು ಕಡ್ಡಿಯಂಥವಳು. ಆಲೆಮನೆಯಲ್ಲಿ ಬೆಲ್ಲ ಅಚ್ಚಿಗೆ ಹಾಕುವ ಕೆಲಸ. ಅವಳನ್ನು ತಂಡಕ್ಕೆ ಸೇರಿಸಿಕೊಂಡಾಗ ಎಲ್ಲರೂ ನಕ್ಕಿದ್ದರು. ಹಗ್ಗ ಹಿಡಿದ ಮೇಲೆ ಯಾರೂ ನಗಲಿಲ್ಲ. ಹಿಡಿದರೆ ಹಿಡಿದಳು, ಅಷ್ಟೆ. ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಬಂದರೂ ಅವಳ ಜಪದ ಧಾಟಿ ಬದಲಾಗುತ್ತಿರಲಿಲ್ಲ.

ನನ್ನ ಜಪ ಮಾತ್ರ ಯಾವತ್ತೂ ಓಟದ್ದು. ಚಿಕ್ಕಂದಿನಿಂದಲೂ ಹಾಗೆಯೇ. ಮನೆಯಲ್ಲಿ ಸಂಜೆ ಜಪಸರ ಹೇಳುವಾಗ ನಾನು ‘ಆಮೆನ್’ ಅಂದಾಗ ಉಳಿದವರು ಇನ್ನೂ ಅರ್ಧ ದಾರಿಯಲ್ಲಿರುತ್ತಿದ್ದರು. ದೇವರಿಗೆ ಎಲ್ಲ ಗೊತ್ತಿದೆ, ಬೇಗ ಹೇಳಿದರೂ ತಿಳಿದುಕೊಳ್ಳುತ್ತಾನೆ ಎನ್ನುವುದು ನನ್ನ ಲೆಕ್ಕ.

ಹೋದ ವರ್ಷ ನಾವು ಕೊನೆಯ ಪಂದ್ಯಕ್ಕೆ ಬಂದೆವು. ಎದುರಾಳಿಗಳು ಮಂಡ್ಯದವರು. ಗುತ್ತಲಿನ ಕಡೆಯ ಹೆಂಗಸರು, ನರ್ಸುಗಳು, ಶಾಲೆಯ ಟೀಚರುಗಳು. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಒಂದೇ ಬಣ್ಣದ ಬೂಟು. ನಮ್ಮಲ್ಲಿ ಬೂಟು ಇದ್ದದ್ದು ಮೂವರಿಗೆ, ಅದೂ ಮಕ್ಕಳ ಸ್ಕೂಲಿನವು. ಆದರೆ ನಮ್ಮ ಬಳಿ ಒಂದು ಗುಟ್ಟಿತ್ತು. ತಂಗಿ ಬೆಳಿಗ್ಗೆಯೇ ಒಂದು ಸ್ಟೀಲ್ ಡಬ್ಬಿಯ ತುಂಬ ಜೋನಿಬೆಲ್ಲ ತಂದಿದ್ದಳು. ಗಟ್ಟಿಯಾಗುವುದಕ್ಕೆ ಮೊದಲು ತೆಗೆದ ಬೆಲ್ಲ ಅದು, ಜೇನಿಗಿಂತ ಮಂದ.

“ಅಂಗೈಗೆ ಒಂದೀಟು ಸವರ್ಕಳಿ. ಆಲೆಮನೇಲಿ ನನ್ನ ಕೈಗೆ ಇದು ಅತ್ಕಂಡ್ರೆ ಸೌಟು ಕೂಡ ಬುಟ್ಟೋಗಲ್ಲ” ಎಂದಳು.

ನಾವು ಸವರಿಕೊಂಡೆವು. ಚಿಕ್ಕಮ್ಮ ಸವರಿಕೊಳ್ಳುವುದಕ್ಕಿಂತ ಹೆಚ್ಚಾಗಿ ನೆಕ್ಕಿದಳು.

ಎಳೆತ ಮೂರು ಸಲ. ಮೊದಲನೆಯದು ಅವರಿಗೆ, ಎರಡನೆಯದು ನಮಗೆ. ಮೂರನೆಯದಕ್ಕೆ ನಿಂತಾಗ ಮೈದಾನದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದಷ್ಟು ಗಲಾಟೆ. ಚಿಕ್ಕಮ್ಮ ಮುಂದೆ ಜಪ ಹೇಳುತ್ತಿದ್ದಳು, ಆದರೆ ಹಿಂದೆ ನನಗೆ ಅದು ಕೇಳಿಸುತ್ತಿರಲಿಲ್ಲ. ಎಲ್ಲರೂ ಅವರವರ ಪಾಡಿಗೆ ಹೇಳಿಕೊಳ್ಳಬೇಕಾಯಿತು. ಹಗ್ಗ ಮಧ್ಯದಲ್ಲಿ ನಿಂತುಬಿಟ್ಟಿತು. ಅವರೂ ಬಿಡರು, ನಾವೂ ಬಿಡೆವು. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇದ್ದರೆ ಅವರೇ ಬಳಲುತ್ತಾರೆ ಎನ್ನುವುದು ನೋಡುವವರಿಗೆಲ್ಲ ಕಾಣುತ್ತಿತ್ತಂತೆ. ಅವರ ಕೊನೆಯ ಹೆಂಗಸಿನ ಕಾಲು ನಡುಗುತ್ತಿತ್ತಂತೆ. ನನಗೆ ಅದೊಂದೂ ಕಾಣಲಿಲ್ಲ. ನಾನು ನನ್ನ ಜಪ ಓಡಿಸುತ್ತಿದ್ದೆ. ಐದು, ಆರು, ಏಳು ಎಂದು ಒಂದರ ಮೇಲೊಂದು ಹತ್ತಿಸಿ ಓಡಿಸಿದೆ. ಹತ್ತು ಮುಗಿಯಿತು. ಕೈ ಬಿಟ್ಟೆ.

ಅಭ್ಯಾಸದ ಮೈ ತಾನಾಗಿ ಬಿಟ್ಟಿತು ಎಂದು ಹೇಳಿಕೊಂಡರೆ ಅರ್ಧ ನಿಜವಾಗುತ್ತದೆ. ಹತ್ತು ಮುಗಿದಾಗ, ಇದು ಹುಣಸೆಮರವಲ್ಲ, ಪಂದ್ಯ, ಎಂದು ನನಗೆ ತಿಳಿದಿತ್ತು. ಒಂದು ಕ್ಷಣ ತಿಳಿದಿತ್ತು. ಆ ಕ್ಷಣದಲ್ಲಿ ತೋಳಿನ ನೋವು ಬಂದು, ಹೇಗೂ ಹತ್ತು ಆಯಿತಲ್ಲ ಎಂದಿತು. ನಾನು ಹೂಂ ಅಂದೆ. ಬೆಲ್ಲ ಮಾತ್ರ ಹೂಂ ಅನ್ನಲಿಲ್ಲ. ಬೆರಳುಗಳಿಗೆ ಅಂಟಿಕೊಂಡು ಬಿಡಿಸಲು ಕೊಡಲಿಲ್ಲ. ನಾನು ಕಿತ್ತು ಬಿಡಿಸಿಕೊಂಡೆ.

ಕೊನೆಯವಳು ಬಿಟ್ಟ ಮೇಲೆ ಹಗ್ಗದ ಭಾರವೆಲ್ಲ ತಂಗಿಯ ಮೇಲೆ ಬಿತ್ತು. ಮುಂದಿನವರು ಒಬ್ಬರ ಮೇಲೊಬ್ಬರು ಉರುಳಿ ಬಿಟ್ಟರು. ಅವಳು ಬಿಡಲಿಲ್ಲ. ಹೊಟ್ಟೆಯ ಮೇಲೆ ಬಿದ್ದು, ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಮಂಡ್ಯದವರ ಕಡೆಗೆ ಹೋದಳು. ಮೊಣಕೈ ತರಚಿತು, ಅಂಗೈಯ ಚರ್ಮ ಸುಲಿಯಿತು. ಬಿದ್ದಲ್ಲಿಂದ ತಲೆ ಎತ್ತಿ ಮೊದಲು ಕೇಳಿದ ಮಾತು, “ಅಕ್ಕಂಗೆ ಏನಾಯ್ತು?”

ಎಲ್ಲರೂ ನನ್ನ ಕಡೆ ತಿರುಗಿದರು. ಚಿಕ್ಕಮ್ಮ ಮಣ್ಣು ಕೊಡವಿಕೊಳ್ಳುತ್ತಾ, “ಏನಾಯ್ತಮ್ಮಿ ನಿಂಗೆ?” ಎಂದಳು.

ನಾನು ಎರಡೂ ಕೈ ಮುಂದೆ ಚಾಚಿ ತೋರಿಸಿದೆ. “ಬೆಲ್ಲ ಜಾರ್ತು” ಎಂದೆ.

ಎರಡೇ ಮಾತು. ಬಿಸಿಲಿಗೆ ಬೆವರು ಬಂದು ಬೆಲ್ಲ ನೀರಾಗಿರಬೇಕು ಎಂದು ಯಾರೋ ಅಂದರು. ಹೌದು ಹೌದು, ನನ್ನದೂ ಜಾರುತ್ತಿತ್ತು ಎಂದು ಇನ್ನೊಬ್ಬಳು ಸೇರಿಸಿದಳು. ಅವಳಿಗೆ ಹಾಗೆ ಅನ್ನಿಸಲು ಶುರುವಾಗಿದ್ದು ನಾನು ಹೇಳಿದ ಮೇಲೆ. ತಂಗಿ ತನ್ನ ಸುಲಿದ ಅಂಗೈ ನೋಡಿಕೊಂಡಳು. ಆಮೇಲೆ ಆ ಸ್ಟೀಲ್ ಡಬ್ಬಿಯನ್ನು ನೋಡಿದಳು. “ನನ್ನಿಂದ್ಲೇ ಆಯ್ತಲ್ಲಾ” ಎಂದಳು.

ಆಗ ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ. ಬಸ್ಸಿನಲ್ಲಿ ಯಾರೋ ಮೊಬೈಲಿನ ವಿಡಿಯೋ ತೋರಿಸಿದಾಗ ನಾನೂ ಕತ್ತು ಚಾಚಿ ನೋಡಿದೆ. ವಿಡಿಯೋದಲ್ಲಿ ತಂಗಿಯವರೆಗೂ ಚೆನ್ನಾಗಿ ಕಾಣುತ್ತಿತ್ತು. ನಾನಿದ್ದ ಜಾಗದಲ್ಲಿ ಐಸ್‌ಕ್ರೀಮ್ ಗಾಡಿಯ ಕೊಡೆ ಅಡ್ಡ ನಿಂತಿತ್ತು. ಆ ಕೊಡೆಗಾಗಿ ನಾನು ದೇವರಿಗೆ ವಂದನೆ ಹೇಳಿದೆ ಎನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮೊದಮೊದಲು ಅದು ತಮಾಷೆಯಾಗಿಯೇ ಇತ್ತು. ತಂಗಿಗೆ ‘ಬೆಲ್ಲದವ್ವ’ ಎಂದು ಹೆಸರಾಯಿತು. ಪೂಜೆ ಮುಗಿಸಿ ಹೊರಗೆ ಬಂದರೆ ಚಿಕ್ಕಮ್ಮ, “ಬೆಲ್ಲದವ್ವ, ಕೈ ಕುಲುಕ್ಬೇಡ ಕಣಮ್ಮಿ, ಜಾರ್ಬುಡ್ತೀನಿ” ಎನ್ನುವಳು. ತಂಗಿಯೂ ನಗುವಳು. ಅವಳ ನಗುವೇ ನನಗೆ ಕಷ್ಟವಾಗಿತ್ತು. ಸಿಡುಕಿದ್ದರೆ ನಾನೂ ಸಿಡುಕಿ ಮರೆಯಬಹುದಿತ್ತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತು. ಶುಕ್ರವಾರ ಶುಕ್ರವಾರ ಚರ್ಚಿನ ಗೋಡೆಯ ಚಿತ್ರಗಳ ಮುಂದೆ ಶಿಲುಬೆ ಹಾದಿಯ ಪ್ರಾರ್ಥನೆ. ಯೇಸುಸ್ವಾಮಿ ಶಿಲುಬೆ ಹೊತ್ತು ಮೂರು ಸಲ ಬೀಳುತ್ತಾರೆ, ಮೂರು ಸಲವೂ ಏಳುತ್ತಾರೆ. ಚಿಕ್ಕವಳಿದ್ದಾಗ, ದೇವರ ಮಗನಾಗಿ ಯಾಕೆ ಬೀಳಬೇಕು, ಒಂದೇ ಉಸಿರಿಗೆ ಬೆಟ್ಟ ಹತ್ತಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಆ ವರ್ಷ ಬೇರೆ ಥರ ಕಂಡಿತು. ಬಿದ್ದಾಗ ಅವರ ಕೈಯಲ್ಲಿ ಶಿಲುಬೆ ಇನ್ನೂ ಇರುತ್ತದೆ, ಗೋಡೆಯ ಮೇಲಿನ ಮೂರೂ ಚಿತ್ರಗಳಲ್ಲಿ. ಬಿದ್ದಿದ್ದಾರೆ, ಆದರೆ ಬಿಟ್ಟಿಲ್ಲ. ನನ್ನ ಪಕ್ಕದಲ್ಲಿ ತಂಗಿ ಮೊಣಕಾಲೂರಿದ್ದಳು. ಅವಳ ಮೊಣಕೈಯ ಗಾಯ ಒಣಗಿ ಕಪ್ಪು ಕಟ್ಟಿತ್ತು. ನಾನು ನೆಲ ನೋಡಿಕೊಂಡು, ಯಾವತ್ತಿನ ಹಾಗೆ ಎಲ್ಲರಿಗಿಂತ ಮೊದಲೇ ಪ್ರಾರ್ಥನೆ ಮುಗಿಸಿದೆ.

ಮಳೆಗಾಲ ಮುಗಿದು ಮತ್ತೆ ಹುಣಸೆಮರಕ್ಕೆ ಹಗ್ಗ ಬಂತು. ತಂಗಿ ಬರಲಿಲ್ಲ. ಚಿಕ್ಕಮ್ಮ ನನಗೆ ಹೇಳಿದಳು, “ಓಗಿ ಕರ್ಕಬಾ. ಬೆಲ್ಲದ ಡಬ್ಬ ಮನೇಲಿ ಮಡುಗ್ಬುಟ್ಟು ಬಾ ಅನ್ನು, ಅಷ್ಟೆಯ.”

ನಾನು ಹೊರಟೆ. ಅವಳ ಮನೆಯ ತಿರುವಿನವರೆಗೆ ಹೋದೆ. ಅವಳು ಮತ್ತೆ ನನ್ನ ಮುಂದೆ ನಿಂತರೆ, ಅವಳ ಬೆನ್ನನ್ನು ದಿನಾ ಸಂಜೆ ನೋಡುತ್ತಾ ಹೇಗೆ ಎಳೆಯುವುದು? ಅಲ್ಲೇ ಸ್ವಲ್ಪ ಹೊತ್ತು ನಿಂತು, ಯಾರದೋ ಎಮ್ಮೆ ಮಾತಾಡಿಸಿ ವಾಪಸ್ಸು ಬಂದೆ.

“ಏನಂತೆ?” ಎಂದಳು ಚಿಕ್ಕಮ್ಮ.

“ಬರಾಕೆ ಇಷ್ಟ ಇಲ್ವಂತೆ” ಎಂದೆ.

ಮೊದಲ ಸುಳ್ಳು ನೋವಿನಲ್ಲಿ ಬಂದದ್ದು. ಇದು ತಣ್ಣಗೆ ನಡೆದುಕೊಂಡು ಬಂದು ಹೇಳಿದ್ದು. ತಂಗಿಯ ಜಾಗಕ್ಕೆ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿಯನ್ನು ಹಾಕಿದರು. ಒಳ್ಳೆಯ ಹುಡುಗಿ. ಆದರೆ ನಾಲ್ಕನೇ ನಮೋ ಮರಿಯಾಕ್ಕೇ ಅವಳಿಗೆ ಗಂಡನ ಫೋನು ಬರುತ್ತಿತ್ತು.

ಕ್ರಿಸ್ಮಸ್‌ಗೆ ಮುಂಚೆ ಎಲ್ಲರೂ ಪಾಪನಿವೇದನೆಗೆ ಹೋಗುವುದು ರೂಢಿ. ನಮ್ಮ ಸ್ವಾಮಿಯವರು ಕಬಡ್ಡಿ ಆಡಿ ಮೂಗು ಮುರಿದುಕೊಂಡು ಆಮೇಲೆ ಗುರುಗಳಾದವರು. ಆಟದ ಮಾತೆಂದರೆ ಇಷ್ಟ. ಪ್ರಸಂಗದಲ್ಲಿ ವಾರಕ್ಕೊಮ್ಮೆಯಾದರೂ ಎದುರಾಳಿಯ ಅಂಕಣಕ್ಕೆ ಹೋಗಿ ಬರುತ್ತಾರೆ. ವಿಶ್ವಾಸ ಅಂದರೆ ಬಲ ಅಲ್ಲ, ಉಸಿರು ಎನ್ನುವುದು ಅವರು ಮತ್ತೆ ಮತ್ತೆ ಹೇಳುವ ಮಾತು. ಬಲ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ, ಉಸಿರನ್ನು ಮಾತ್ರ ದಿನಾ ಸ್ವಲ್ಪ ಸ್ವಲ್ಪ ಉದ್ದ ಮಾಡಿಕೊಳ್ಳಬಹುದು ಎನ್ನುತ್ತಾರೆ. ನಾನು ಮೊಣಕಾಲೂರಿ ನನ್ನ ಮಾಮೂಲಿ ಪಾಪಗಳನ್ನು ಹೇಳಿದೆ. ಗಂಡನನ್ನು ಬೈದದ್ದು, ಪಕ್ಕದ ಮನೆಯ ಕೋಳಿಗೆ ಕಲ್ಲು ಹೊಡೆದದ್ದು, ಪೂಜೆಯಲ್ಲಿ ತೂಕಡಿಸಿದ್ದು.

“ಇವೆಲ್ಲಾ ಹೋದ ಸಲಾನೂ ಹೇಳಿದ್ರಿ. ಹೊಸದೇನಾದ್ರೂ ಇದ್ಯಾ?” ಎಂದರು ಸ್ವಾಮಿಯವರು.

ಇತ್ತು. ಹೇಳಿದೆ. ಹಗ್ಗ, ಹತ್ತು ನಮೋ ಮರಿಯಾ, ಬೆಲ್ಲ, ಎಮ್ಮೆ, ಎಲ್ಲ ಹೇಳಿದೆ. ಜಾಲರಿಯ ಆ ಕಡೆಯಿಂದ ಕೆಮ್ಮಿದರೋ ನಕ್ಕರೋ ತಿಳಿಯದ ಒಂದು ಸದ್ದು ಬಂತು. ಆಮೇಲೆ ಅವರ ದನಿ ಮೆತ್ತಗಾಯಿತು.

“ನೀವು ಕೈಬಿಟ್ಟಿದ್ದು ಯಾರನ್ನ ಅಮ್ಮಾ?”

“ತಂಗೀನ ಸಾಮಿ.”

“ಮತ್ತೆ ನನ್ನ ಹತ್ರ ಹೇಳಿದ್ರೆ ಸಾಕಾ?”

“ದೇವ್ರು ಕ್ಷಮಿಸ್ಲಿ ಅಂತ ಸಾಮಿ.”

“ಕ್ಷಮಿಸ್ತಾನೆ. ಅದರಲ್ಲಿ ಅನುಮಾನ ಬೇಡ. ಆದ್ರೆ ಮೊಣಕೈ ತರಚಿದ್ದು ಅವಳದ್ದು, ಹೆಸರು ಕೆಟ್ಟಿದ್ದೂ ಅವಳದ್ದೇ. ಅವಳ ಹತ್ರ ಹೋಗಿ.”

“ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಹೇಳ್ಲಿ ಸಾಮಿ?”

“ಒಂದೂ ಬೇಡ. ನಿಮಗೆ ಜಪ ಕೊಟ್ರೆ ಓಡಿಸಿಬಿಡ್ತೀರಿ” ಎಂದರು.

ಆಲೆಮನೆಗೆ ಹೋಗುವುದು ಅಷ್ಟು ಸುಲಭವಾಗಿರಲಿಲ್ಲ. ಹೋದಾಗಲೆಲ್ಲ ಬಾಯಿ ಕಟ್ಟಿ, ಏನಕ್ಕೆ ಬಂದೆ ಎಂದು ಅವಳು ಕೇಳಿದರೆ ಬೆಲ್ಲಕ್ಕೆ ಎನ್ನುತ್ತಿದ್ದೆ. ನಮ್ಮ ಅಡಿಗೆಮನೆಯಲ್ಲಿ ಬೆಲ್ಲದ ಅಚ್ಚುಗಳು ಸಾಲುಗಟ್ಟಿದವು. ಗಂಡ, “ಯಾರ್ ಮದ್ವೆ?” ಎಂದು ಕೇಳಿದ.

ಕ್ರಿಸ್ಮಸ್‌ಗೆ ಬಾಲಯೇಸುವಿನ ಗೋದಲಿ ಕಟ್ಟುವ ವಾರ ಮತ್ತೆ ಹೋದೆ. ಮಧ್ಯಾಹ್ನ, ಕೊಪ್ಪರಿಗೆ ಇಳಿಸಿ ಆಗಿತ್ತು. ಉಳಿದವರು ಊಟಕ್ಕೆ ಹೋಗಿದ್ದರು. ತಂಗಿ ಒಬ್ಬಳೇ ಕುಳಿತು ಮರದ ಅಚ್ಚುಗಳಿಗೆ ಅಂಟಿದ ಬೆಲ್ಲವನ್ನು ಚಾಕುವಿನಿಂದ ಕೆರೆಯುತ್ತಿದ್ದಳು.

“ಏನಕ್ಕ, ತಿರ್ಗ ಬೆಲ್ಲ ಮುಗೀತಾ? ಮನೇಲಿ ಇರ್ವೆ ಸಾಕ್ತಿದ್ದೀಯಾ?” ಎಂದಳು.

“ಬೆಲ್ಲಕ್ಕೆ ಬರ್ನಿಲ್ಲ ಕಣೆ.”

“ಮತ್ತಿನ್ಯಾತಕ್ಕೆ?”

“ಓದೊರ್ಸ ಮದ್ದೂರಲ್ಲಿ ಬೆಲ್ಲ ಜಾರ್ನಿಲ್ಲ. ನಾನೇ ಬುಟ್ಟೆ.”

ಅವಳು ತಲೆ ಎತ್ತಲಿಲ್ಲ. ಚಾಕು ಒಂದು ಸಲ ನಿಂತು, ಮತ್ತೆ ಕೆರೆಯತೊಡಗಿತು. ಒಂದು ಅಚ್ಚು ಪೂರ್ತಿ ಕೆರೆದು ಪಕ್ಕಕ್ಕಿಟ್ಟಳು.

“ಎಷ್ಟಕ್ಕೆ ಬುಟ್ಟೆ?”

“ಹತ್ತು ಮುಗ್ದಿತ್ತು.”

“ನಾನಿನ್ನೂ ಏಳ್ರಲ್ಲಿದ್ದೆ” ಎಂದಳು.

ನಾನು ಬಂದದ್ದು ಪೂರ್ತಿ ಹೇಳುವುದಕ್ಕೆ. “ಇನ್ನೊಂದೈತೆ. ಈ ಸಲ ಚಿಕ್ಕವ್ವ ನಿನ್ನ ಕರ್ಕಬಾ ಅಂತ ನನ್ನ ಕಳ್ಸಿದ್ಲು. ನಾನು ನಿನ್ನ ಕೇಳ್ದೇನೇ, ಅವ್ಳಿಗೆ ಇಷ್ಟ ಇಲ್ವಂತೆ ಅಂದ್ಬುಟ್ಟೆ.”

ಈಗ ಅವಳು ಎದ್ದಳು. ಚಾಕು ಕೈಯಲ್ಲೇ ಇತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಅದ್ಯಾಕಂದೆ?” ಎಂದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಮೊದಲು ಕೇಳಿರಲಿಲ್ಲ. “ಅಗ್ಗ ಬುಟ್ಟೆ, ಬುಡು ಅತ್ಲಾಗೆ. ಕೈ ಸೋತ್ರೆ ಯಾರಾದ್ರೂ ಬುಡ್ತರೆ. ಇವತ್ತು ಕರೀತರೇನೋ, ನಾಳೆ ಕರೀತರೇನೋ ಅಂತ ದಿನಾ ಸಂಜೆ ಕೈಕಾಲು ತೊಳ್ಕಂಡು ಬಾಗ್ಲಲ್ಲಿ ಕುಂತಿದ್ನಲ್ಲಕ್ಕ ನಾನು! ನೀವೆಲ್ಲ ಮರದತ್ರ ಜಪ ಯೋಳೋದು ನಮ್ಮನೆಗಂಟ ಕೇಳ್ಸದು. ಕುಂತಲ್ಲೇ ನಿಮ್ಮ ಜತೆ ಯೋಳ್ತಿದ್ದೆ.”

ನಾನು ಅಳಲು ಶುರುಮಾಡಿದೆ. ದಪ್ಪ ಹೆಂಗಸು ಅತ್ತರೆ ನೋಡಲು ಚೆನ್ನಾಗಿರುವುದಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, “ಮೂಗು ಒರೆಸ್ಕ. ಅಚ್ಚಿನ್ ಮೇಕೆ ಬೀಳ್ತದೆ” ಎಂದಳು. ಆಮೇಲೆ ಕೇಳಿದಳು, “ಚಿಕ್ಕವ್ವನ ಮುಂದೆ ಯೋಳ್ತೀಯಾ ಇದ್ನ?”

“ಊಂ.”

“ಎಲ್ರ ಮುಂದೆ?”

“ಊಂ.”

“ಅಂಗಾರೆ ಇರು, ಕೈ ತೊಳ್ಕಂಡ್ ಬತ್ತೀನಿ. ನಾನೂ ನೋಡ್ಬೇಕು ಅದ್ನ.”

ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅವಳು ನನಗಿಂತ ನಾಲ್ಕು ಮಾರು ಮುಂದೆಯೇ ನಡೆದಳು.

ಸಂಜೆ ಮರದ ಕೆಳಗೆ ಎಲ್ಲರೂ ಸೇರಿದರು. ನಾನು ನಡುವೆ ನಿಂತು ಹೇಳಿದೆ. ಸ್ವಾಮಿಯವರ ಮುಂದೆ ಹೇಳುವಾಗ ಜಾಲರಿ ಇತ್ತು, ಕತ್ತಲೆ ಇತ್ತು. ಇಲ್ಲಿ ಎಂಟು ಜನರ ಹದಿನಾರು ಕಣ್ಣು, ಮೇಲೆ ಕಾಗೆಗಳು. ಹೇಳಿ ಮುಗಿಸಿದಾಗ ಚಿಕ್ಕಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು.

“ಒಂದೊರ್ಸ ಕಣಮ್ಮಿ! ಒಂದೊರ್ಸ ಈ ಎಣ್ಣ ಬೆಲ್ಲದವ್ವ, ಬೆಲ್ಲದವ್ವ ಅಂತ ಆಡ್ಕಂಡ್ ತಿರುಗಿದ್ನಲ್ಲ ನಾನು! ನಿನ್ನ ಪಾಪ ನೀನ್ ಮಾಡ್ಕಳೋದ್ ಬುಟ್ಟು ನನ್ನೂ ಎಳೆದ್ಯಲ್ಲೆ ಒಳೀಕೆ! ಈಗ ನಾನೂ ಸಾಮಿತಾವ್ಕೆ ಓಗ್ಬೇಕು!”

“ನಂದೂ ಜಾರ್ತಿತ್ತು ಅಂದ್ನಲ್ಲ ನಾನು” ಎಂದು ಹಿಂದಿನಿಂದ ಒಬ್ಬಳು ಸಣ್ಣ ದನಿಯಲ್ಲಿ ಹೇಳಿದಳು.

“ನೀನೂ ಬಾ. ಒಂದೇ ಆಟೋಲಿ ಓಗಣ” ಎಂದಳು ಚಿಕ್ಕಮ್ಮ.

ಮೊದಲು ನಕ್ಕವಳು ತಂಗಿ. ಆಮೇಲೆ ಎಲ್ಲರೂ ನಕ್ಕರು, ನನ್ನನ್ನು ಬೈದರು, ಬೈದು ನಕ್ಕರು. ಹೊಸ ಹುಡುಗಿ, ಇನ್ನು ತನಗೆ ಬಿಡುಗಡೆ ಎಂದು ಖುಷಿಯಿಂದ ಹಗ್ಗ ತಂಗಿಯ ಕೈಗೆ ಕೊಟ್ಟಳು. ಚಿಕ್ಕಮ್ಮ ತಂಗಿಯ ಗಲ್ಲ ಹಿಡಿದು, “ತಪ್ಪಾಯ್ತು ಕಣವ್ವ” ಎಂದಳು. ಅವಳು ಯಾರ ಹತ್ತಿರವೂ ಹಾಗೆ ಹೇಳಿದ್ದನ್ನು ನಾನು ಕಂಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟಳು. “ಇನ್ಮೇಕೆ ಕೊನೇಲಿ ಇವ್ಳು. ನೀನು ಇವ್ಳ ಮುಂದೆ. ನಿನ್ನ ಕೈ ಇವ್ಳ ಕಣ್ಮುಂದೆ ಇರ್ಬೇಕು.”

ಅಂದಿನಿಂದ ಅಭ್ಯಾಸವೂ ಬದಲಾಯಿತು. ಹತ್ತು ಮುಗಿದರೂ ಚಿಕ್ಕಮ್ಮ ನಿಲ್ಲಿಸಲಿಲ್ಲ. “ಹತ್ತಾಯ್ತು ಚಿಕ್ಕವ್ವ!” ಎಂದು ಯಾರೋ ಕಿರುಚಿದರೆ, “ಆಯ್ತಲ್ಲ, ಮುಂದಿನ್ ಹತ್ತು ನಿಮ್ಮತ್ತೆ ಬಂದು ಯೋಳ್ತಾಳಾ?” ಎನ್ನುವಳು. ಯಾವ ಮಣಿಗೆ ನಿಲ್ಲಿಸುತ್ತಾಳೆ ಎಂದು ಯಾರಿಗೂ ಮೊದಲೇ ತಿಳಿಯುತ್ತಿರಲಿಲ್ಲ. ಇಷ್ಟೇ ಎಂದು ಗೊತ್ತಿದ್ದಾಗ ನಾನು ಆ ಇಷ್ಟನ್ನು ಮುಗಿಸುವುದರಲ್ಲೇ ಇರುತ್ತಿದ್ದೆ. ಎಷ್ಟು ಎಂದು ಗೊತ್ತಿಲ್ಲದಾಗ ಓಡಿ ಪ್ರಯೋಜನವಿಲ್ಲ. ನಿಧಾನವಾಗಿ ಹೇಳತೊಡಗಿದೆ. ನಲವತ್ತು ವರ್ಷ ಹೇಳಿದ ಪ್ರಾರ್ಥನೆಯಲ್ಲಿ ಏನೇನು ಮಾತುಗಳಿವೆ ಎಂದು ಆಗ ಕೇಳಿಸಿಕೊಂಡೆ.

ತಂಗಿ ಮಾತ್ರ ನನ್ನ ಜೊತೆ ಲೆಕ್ಕಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಕ್ರಿಸ್ಮಸ್ ದಿನ ಕಜ್ಜಾಯ ಕೊಟ್ಟು ಕಳಿಸಿದಳು, ತಾನು ಬರಲಿಲ್ಲ. ಹಗ್ಗ ಹಿಡಿದಾಗ ಅವಳ ಕಣ್ಣು ನನ್ನ ಬೆರಳುಗಳ ಮೇಲೆ ಇರುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಮತ್ತೆ ಬಿಡುತ್ತೇನೋ ಎಂದು ಅವಳು ಕಾಯುತ್ತಿದ್ದಳು. ಬಿಡುವುದಿಲ್ಲ ಎಂದು ಬಾಯಲ್ಲಿ ಹೇಳಿ ನಂಬಿಸುವ ಹಾಗಿರಲಿಲ್ಲ. ನನ್ನ ಬಾಯಿ ಹೇಳಿದ್ದನ್ನೆಲ್ಲ ಅವಳು ನೋಡಿ ಆಗಿತ್ತು.

ಈ ವರ್ಷ ಮದ್ದೂರಿನಲ್ಲಿ ಮತ್ತೆ ಕೊನೆಗೆ ಉಳಿದದ್ದು ನಾವು ಮತ್ತು ಮಂಡ್ಯದವರು. ಅವರ ಟೀಶರ್ಟಿನ ಬಣ್ಣ ಬದಲಾಗಿತ್ತು, ತೋಳುಗಳು ಅವೇ. ತೀರ್ಪುಗಾರರು ಕೆರಗೋಡಿನ ಕಡೆಯ ಒಬ್ಬ ಪಿ.ಟಿ. ಮೇಷ್ಟ್ರು, ಕೊರಳಲ್ಲಿ ಸೀಟಿ, ತಲೆಗೆ ಟವೆಲ್ಲು. ಬೆಳಿಗ್ಗೆ ತಂಗಿ ಅದೇ ಸ್ಟೀಲ್ ಡಬ್ಬಿ ತೆರೆದಾಗ ಎಲ್ಲರೂ ನನ್ನ ಕಡೆ ನೋಡಿದರು. ಮೊದಲು ಕೈ ಚಾಚಿದವಳು ನಾನು. ಅವಳು ಧಾರಾಳವಾಗಿಯೇ ಸವರಿದಳು.

ಮೊದಲ ಎಳೆತ ಸೋತೆವು. ಚಿಕ್ಕಮ್ಮನ ಕಾಲಿನ ಚಪ್ಪಲಿ ಹರಿದದ್ದು ಅದಕ್ಕೆ ಕಾರಣ. ಎರಡನೆಯದನ್ನು ಅವಳು ಬರಿಗಾಲಲ್ಲಿ ಎಳೆದಳು, ಗೆದ್ದೆವು. ಮೂರನೆಯದಕ್ಕೆ ಸೀಟಿ ಊದಿದಾಗ, ಹೋದ ವರ್ಷದ ಹಾಗೆಯೇ ಮೈದಾನವೆಲ್ಲ ಕೂಗು. ಚಿಕ್ಕಮ್ಮನ ದನಿ ಈ ಸಲವೂ ನನಗೆ ಮುಟ್ಟಲಿಲ್ಲ. ಆದರೆ ಹಿಂದೆ, ಕಿವಿಯ ಹತ್ತಿರವೇ, ತಂಗಿ ಹೇಳುತ್ತಿರುವುದು ಕೇಳಿಸಿತು. ಉಸಿರು ಕಟ್ಟಿ, ಮಾತು ತುಂಡುತುಂಡಾಗಿ, ಆದರೂ ಅದೇ ಧಾಟಿ. ನಾನು ನನ್ನ ಜಪ ನಿಲ್ಲಿಸಿ ಅವಳದನ್ನು ಹಿಡಿದೆ. ಅವಳು ಒಂದು ಪದ ಹೇಳಿದರೆ ನಾನೂ ಆ ಪದ. ಅವಳು ಉಸಿರಿಗೆ ನಿಂತರೆ ನಾನೂ ನಿಂತೆ. ಎಷ್ಟನೆಯದು ಎಂದು ಎಣಿಸಲಿಲ್ಲ.

ತೋಳು ಹೋದ ವರ್ಷದಷ್ಟೇ ನೋಯಿತು. ಇನ್ನೂ ಜಾಸ್ತಿಯೇ ನೋಯಿತು, ಒಂದು ವರ್ಷ ವಯಸ್ಸಾಗಿದೆಯಲ್ಲ. ಸಾಕು ಎನ್ನುವ ಆ ದನಿಯೂ ಬಂತು. ಬೆನ್ನ ಹಿಂದಿನ ದನಿ ಅದಕ್ಕಿಂತ ಹತ್ತಿರವಿತ್ತು.

ಮಂಡ್ಯದವರು ಒಮ್ಮೆಲೇ ಹೆಜ್ಜೆ ಕಿತ್ತು ಎಳೆದರು. ನಮ್ಮ ಸಾಲಿನ ಮಧ್ಯದಲ್ಲಿ ಯಾರದೋ ಕಾಲು ಜಾರಿತು. ಒಬ್ಬಳ ಹಿಂದೊಬ್ಬಳು ಕುಸಿದರು. ಚಿಕ್ಕಮ್ಮ ಗೆರೆ ದಾಟಿದಳು, ಮುಂದಿನವರು ಕೈಬಿಟ್ಟು ಆಚೆ ಈಚೆ ಉರುಳಿದರು. ನಾನು ಕೂತಲ್ಲೇ ಜರುಗಿದೆ. ಸೀರೆ, ಮಣ್ಣು, ಹುಲ್ಲು ಎಲ್ಲ ಒಟ್ಟಿಗೆ ಬಂದವು. ಮೇಷ್ಟ್ರು ಸೀಟಿ ಊದಿದರು. ಆ ಕಡೆ ಮಂಡ್ಯದವರು ಒಬ್ಬರನ್ನೊಬ್ಬರು ಎತ್ತಿ ಕುಣಿಯತೊಡಗಿದರು. ಅವರ ಕಡೆಯ ತುದಿ ನೆಲಕ್ಕೆ ಬಿದ್ದಿತ್ತು. ನಾನು ಇನ್ನೂ ಎಳೆಯುತ್ತಲೇ ಇದ್ದೆ.

“ಬುಡಕ್ಕ” ಎಂದಳು ತಂಗಿ ಹಿಂದಿನಿಂದ. “ಸೋತಾಯ್ತು. ಬುಡು.”

ತಿರುಗಿ ನೋಡಿದೆ. ಅವಳೂ ಮಣ್ಣಲ್ಲಿ ಕೂತಿದ್ದಳು. ಕೂದಲೆಲ್ಲ ಕೆದರಿ, ಮೂಗಿನ ಮೇಲೆ ಧೂಳು. ಹಗ್ಗ ಅವಳ ಎರಡೂ ಕೈಯಲ್ಲಿತ್ತು.

“ನೀನ್ ಮೊದ್ಲು ಬುಡು” ಎಂದೆ.

“ನಾನ್ಯಾಕ್ ಬುಡ್ಲಿ? ನೀನ್ ಬುಡು.”

“ಬುಡಕ್ಕಿಲ್ಲ ಕಣೆ.”

“ನಾನೂ ಬುಡಕ್ಕಿಲ್ಲ, ಓಗು.”

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನನ್ನ ಹೆಗಲಿಗೆ ಹಣೆ ಒರಗಿಸಿ, ಮೈಯೆಲ್ಲ ಅಲ್ಲಾಡುವ ಹಾಗೆ ನಕ್ಕಳು. ನಾನು ನಿಜ ಹೇಳಿದ ಮೇಲೆ ಅವಳು ನನ್ನ ಮೈಗೆ ಒರಗಿದ್ದು ಅದೇ ಮೊದಲು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಬೇರೆಯವರು ಹೇಳಬೇಕು.

ಪಿ.ಟಿ. ಮೇಷ್ಟ್ರು ಬಂದು ತಲೆಯ ಮೇಲೆ ನಿಂತರು. “ರೀ ಅಮ್ಮಾ, ಗಂಡಸರ ಪಂದ್ಯಕ್ಕೆ ಹೊತ್ತಾಯ್ತು. ಹಗ್ಗ ಕೊಡ್ರಮ್ಮ” ಎಂದರು.

ಚಿಕ್ಕಮ್ಮ ಗೆರೆಯ ಆಚೆ ಕುಳಿತು ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದಳು. ಅಲ್ಲಿಂದಲೇ ಕೂಗಿದಳು, “ವಸಿ ತಡೀರಿ ಸಾ. ಅವ್ರಿಬ್ರದ್ದು ಇನ್ನೂ ಮುಗ್ದಿಲ್ಲ.”